ಮುಚ್ಚಳವಿಲ್ಲದ ಬಟ್ಟಿ

ಹಂಪಿಯ ಬಾಳೆತೋಟಗಳ ನಡುವೆ ತುರುತ್ತು ಕಾಲುವೆ ಇಂದಿಗೂ ಹರಿಯುತ್ತದೆ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಕಲ್ಲಿನ ಒಡ್ಡು ಕಟ್ಟಿ ತಿರುಗಿಸಿದ ನೀರು ಅದು. ಮಹಾನವಮಿ ದಿಬ್ಬದ ಹತ್ತಿರ ಸಾಲುಗಂಬಗಳ ಮೇಲೆ ಮಲಗಿರುವ ಕಲ್ಲಿನ ದೋಣಿಗಳನ್ನು ನೋಡುತ್ತ, ಇಳಿಜಾರೊಂದನ್ನೇ ನಂಬಿ ಪುಷ್ಕರಣಿಗೆ ನೀರು ತಂದವರಿಗೆ ಕೈಮುಗಿಯಬೇಕೆನಿಸಿತು.

ಕಂಪ್ಲಿ ದಾಟಿ ಸಿರುಗುಪ್ಪದ ಕಡೆ ಸಾಗಿದರೆ ನೋಟ ಬದಲಾಗುತ್ತದೆ. ಹಸಿರು ಭತ್ತದ ನಡುವೆ ಅಲ್ಲಲ್ಲಿ ಬಿಳಿಚಿಕೊಂಡ ನೆಲ, ಮೇಲೆ ಉಪ್ಪಿನ ಪೊರೆ. ಸವಳು. 1953ರಿಂದೀಚೆಗೆ ತುಂಗಭದ್ರಾ ಜಲಾಶಯದ ನೀರು ಎರೆಭೂಮಿಗೆ ಹರಿಯಿತು. ಬಸಿಗಾಲುವೆ ಸಾಲದ ಕಡೆಯೆಲ್ಲ ಅಂತರ್ಜಲ ಮೇಲೆದ್ದಿತು. ಬಿಸಿಲು ನೀರನ್ನಷ್ಟೇ ಹೀರಿ ಉಪ್ಪನ್ನು ಇಲ್ಲೇ ಬಿಟ್ಟಿತು. ಈ ಬಯಲೇ ಒಂದು ದೊಡ್ಡ ಬಟ್ಟಿ. ಏಳುವ ಆವಿ ಸಿಹಿನೀರೇ. ಅದನ್ನು ಹಿಡಿದಿಡುವ ಮುಚ್ಚಳವಿಲ್ಲ.

ಮುಚ್ಚಳ ಹಾಕಿದವರು ಚಿಲಿ ದೇಶದಲ್ಲಿದ್ದರು. ಅಟಕಾಮಾ ಮರುಭೂಮಿಯ ಲಾಸ್ ಸಲಿನಾಸ್‌ನಲ್ಲಿ 1872ರಲ್ಲಿ ಚಾರ್ಲ್ಸ್ ವಿಲ್ಸನ್ ಎಂಬ ಎಂಜಿನಿಯರ್ ಸುಮಾರು 4,700 ಚದರ ಮೀಟರ್ ಗಾಜು ಹೊದಿಸಿ, ದಿನಕ್ಕೆ 20,000 ಲೀಟರಿಗೂ ಹೆಚ್ಚು ಸಿಹಿನೀರು ಇಳಿಸಿದ. ಕುಡಿದದ್ದು ಗಣಿಯಲ್ಲಿ ದುಡಿಯುತ್ತಿದ್ದ ಹೇಸರಗತ್ತೆಗಳು. ಗಣಿನಾಡಾದ ಸಂಡೂರಿನ ಕೆಮ್ಮಣ್ಣಿನ ದಾರಿಯಲ್ಲಿ ನಿಂತು ಇದನ್ನು ನೆನೆದಾಗ ನನಗೆ ರೋಮಾಂಚನವಾಯಿತು. ಗುಜರಾತಿನ ಭಾವನಗರದ ಬಳಿ ಅವಾನಿಯಾ ಹಳ್ಳಿಯಲ್ಲೂ 1978ರಲ್ಲಿ ಇಂಥದೇ ಸ್ಥಾವರ ನಿಂತಿತು.

ಉಪಾಯ ಸರಳ. ತಳಕ್ಕೆ ಕಪ್ಪು ಬಳಿದ ತೊಟ್ಟಿ, ಒಂದೆರಡು ಬೆರಳು ಆಳ ಉಪ್ಪುನೀರು, ಮೇಲೆ ಓರೆಯಾಗಿ ಗಾಜು. ಆವಿ ಗಾಜಿನ ಒಳಮೈಗೆ ತಾಗಿ ಹನಿಯಾಗಿ ಅಂಚಿನ ದೋಣಿಗೆ ಜಾರುತ್ತದೆ. ಉಪ್ಪಿನ ಜೊತೆ ಫ್ಲೋರೈಡೂ ತಳದಲ್ಲೇ ಉಳಿಯುತ್ತದೆ. ಬಳ್ಳಾರಿ ಸೀಮೆಯ ಎಷ್ಟೋ ಕೊಳವೆಬಾವಿಗಳಿಗೆ ಫ್ಲೋರೈಡಿನ ಕಾಟವಿರುವುದರಿಂದ ಇದು ಸಣ್ಣ ಮಾತಲ್ಲ. ಆದರೆ ಒಳ್ಳೆಯ ಬಿಸಿಲಿನ ದಿನವೂ ಒಂದು ಚದರ ಮೀಟರಿಗೆ ಸಿಗುವುದು ಮೂರು-ನಾಲ್ಕು ಲೀಟರ್. ಗದ್ದೆಗೆ ಇದು ಆಗದ ಮಾತು. ಗದ್ದೆಗೆ ಬೇಕಾದದ್ದು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಪರೀಕ್ಷಿಸಿರುವಂತೆ ನೆಲದಡಿ ಕೊಳವೆ ಹೂತು ಉಪ್ಪು ಬಸಿಯುವ ಕೆಲಸ.

ಕುಡಿಯುವ ಕೊಡಕ್ಕಾದರೆ ಈ ಲೆಕ್ಕ ಕೂಡುತ್ತದೆ. ಇಪ್ಪತ್ತು ಮಕ್ಕಳ ಅಂಗನವಾಡಿಗೆ ದಿನಕ್ಕೆ ಇಪ್ಪತ್ತು ಲೀಟರ್ ಎಂದಿಟ್ಟುಕೊಂಡರೆ ಆರೇಳು ಚದರ ಮೀಟರ್ ಮಾಳಿಗೆ ಸಾಕು. ಕರೆಂಟು ಬೇಡ, ಪದೇ ಪದೇ ಬದಲಿಸುವ ಫಿಲ್ಟರೂ ಬೇಡ. ತಳದ ಉಪ್ಪು ತೊಳೆಯಬೇಕು, ಗಾಜಿನ ಧೂಳು ಒರೆಸಬೇಕು, ಮಳೆಗಾಲದ ಮೋಡಕ್ಕೆ ಬೇರೆ ನೀರು ಕೂಡಿಡಬೇಕು. ಕಾಲುವೆಯ ಕಟ್ಟಕಡೆಯ ಊರುಗಳಲ್ಲಿ ಮೊದಲು ಇದನ್ನು ಮಾಡಿ ನೋಡಬೇಕು.