ಟ್ಯಾಂಕಿನೊಳಗಿನ ಇಬ್ಬನಿ

ನಮ್ಮ ಕಡೆ ಹಿಮ ಬೀಳಲ್ಲ. ಮಧುಗಿರಿ ಏಕಶಿಲಾ ಬೆಟ್ಟದ ತುದೀಲಿ ನಿಂತರೂ ಇಲ್ಲ. ಆದ್ರೂ ಡಿಸೆಂಬರ್ ಬಂತಂದ್ರೆ ನಮ್ಮ ಮಾಮ ತಮ್ಮ ಬೊಲೆರೊಗೆ ಚಳಿಗಾಲದ ಉಪಚಾರ ಶುರು ಮಾಡ್ತಾರೆ. ಬೇಸ್‌ಮೆಂಟಲ್ಲಿ ಕಾರು ನಿಲ್ಲಿಸಿ ಲಿಫ್ಟ್ ಹತ್ತೋ ನಮ್ಮಂಥವರಿಗೆ ಇದು ತಮಾಷೆಯಾಗಿ ಕಾಣಬಹುದು. ತಮಾಷೆ ಅಲ್ಲ ಕಣ್ರೀ. ಕೊಡಿಗೇನಹಳ್ಳಿ ಕಡೆಯ ಆ ಊರಲ್ಲಿ ಸರಿರಾತ್ರೀಲಿ ಯಾರಿಗಾದ್ರೂ ಎದೆನೋವು ಬಂದರೆ, 108ಕ್ಕೆ ಫೋನ್ ಮಾಡಿದ ಬೆನ್ನಲ್ಲೇ ಜನ ತಟ್ಟೋದು ಮಾಮನ ಬಾಗಿಲು. ಹಗಲು ಕಡ್ಲೆಕಾಯಿ ಮೂಟೆ ಹೊರೋ ಗಾಡಿ ರಾತ್ರಿ ಆಂಬುಲೆನ್ಸು.

ಮೂರ್ನಾಲ್ಕು ವರ್ಷದ ಹಿಂದೆ, ಇಂಥದ್ದೇ ಚಳೀಲಿ, ಹೆರಿಗೆಗೆ ತವರಿಗೆ ಬಂದಿದ್ದ ಪಕ್ಕದ ಮನೆ ಹುಡುಗೀನ ತುಮಕೂರಿಗೆ ಕರ್ಕೊಂಡು ಹೊರಟ್ವಿ. ಕೊರಟಗೆರೆ ದಾಟಿದ್ವೋ ಇಲ್ವೋ, ಗಾಡಿ ಜಗ್ಗೋಕೆ ಶುರು. ಆಕ್ಸಿಲರೇಟರ್ ಒತ್ತಿದ್ರೆ ಎಳೆತವೇ ಇಲ್ಲ. ಫಿಲ್ಟರಲ್ಲಿ ನೀರಿದೆ ಅನ್ನೋ ದೀಪ ಹೊತ್ತಿಕೊಳ್ತು. ಮಾಮ ಒಂದೂ ಮಾತಾಡದೆ ಇಳಿದು ಬಾನೆಟ್ ಎತ್ತಿದ್ರು. ಟಾರ್ಚ್ ಹಿಡಿಯೋ ಕೆಲಸ ನಂದು. ಹಿಂದಿನ ಸೀಟಲ್ಲಿ ಆ ಹುಡುಗಿಯ ಅಮ್ಮ ಮನೆದೇವರ ಹೆಸರು ಹೇಳ್ತಾನೇ ಇದ್ರು. ಮಾಮ ಫಿಲ್ಟರಿನ ತಳದ ತಿರುಪು ಸಡಿಲ ಮಾಡಿ ನೀರು ಬಿಟ್ಟು, ಕೈಪಂಪು ಒತ್ತಿ ಮತ್ತೆ ಸ್ಟಾರ್ಟ್ ಮಾಡೋಕೆ ಹತ್ತು ನಿಮಿಷ ಹಿಡೀತು. ಅಷ್ಟು ಉದ್ದದ ಹತ್ತು ನಿಮಿಷವನ್ನ ನಾನು ಯಾವ ಮೀಟಿಂಗಲ್ಲೂ ಕಂಡಿಲ್ಲ. (ಮಗು ಈಗ ಅಂಗನವಾಡಿಗೆ ಹೋಗ್ತಾ ಇದೆ.)

ಆಮೇಲೆ ಶಿರಾದ ಮೆಕ್ಯಾನಿಕ್ ಭಾಯ್ ಟ್ಯಾಂಕಿನ ತಳದ ಡೀಸೆಲ್ಲನ್ನ ಒಂದು ಖಾಲಿ ನೀರಿನ ಬಾಟಲಿಗೆ ಹಿಡಿದು ಬಿಸಿಲಿಗೆ ಇಟ್ರು. ಸ್ವಲ್ಪ ಹೊತ್ತಿಗೆ ಮೇಲೆ ಡೀಸೆಲ್, ಕೆಳಗೆ ನೀರು, ನಡುವೆ ಗೆರೆ ಎಳೆದ ಹಾಗೆ. ಡೀಸೆಲ್‌ಗಿಂತ ನೀರು ಭಾರ, ಅದಕ್ಕೇ ತಳ ಹಿಡಿಯುತ್ತೆ. ಎಂಜಿನ್‌ಗೆ ಎಣ್ಣೆ ಹೋಗೋದೂ ತಳದಿಂದಲೇ! ಅರ್ಧ ಖಾಲಿ ಟ್ಯಾಂಕಲ್ಲಿ ಉಳಿದ ಜಾಗವೆಲ್ಲ ಗಾಳಿ. ಹಗಲು ಸುಡು ಬಿಸಿಲು, ರಾತ್ರಿ ಹದಿನೈದು ಡಿಗ್ರಿಯ ಆಸುಪಾಸು. ಗಾಳೀಲಿರೋ ತೇವ ಟ್ಯಾಂಕಿನ ಗೋಡೆ ಮೇಲೆ ಹನಿಯಾಗಿ ಇಳಿಯುತ್ತೆ. ಹುಲ್ಲಿನ ಮೇಲೆ ಇಬ್ಬನಿ ಕೂತ ಹಾಗೇ.

ಆದ್ರೆ ಇಬ್ಬನಿ ಒಂದೇ ಅಷ್ಟು ನೀರು ತರುತ್ತೆ ಅಂತ ನನಗನಿಸಲ್ಲ. ನನ್ನ ಅನುಮಾನ ಇರೋದು ಟ್ರ್ಯಾಕ್ಟರಿಗೆ ಅಂತ ಅಂಗಳದಲ್ಲಿ ಇಟ್ಟಿದ್ದ ಡೀಸೆಲ್ ಡ್ರಮ್ಮಿನ ಮೇಲೆ. ನಿಲ್ಲಿಸಿಟ್ಟ ಡ್ರಮ್ಮಿನ ನೆತ್ತಿ ಮೇಲೆ ಮಳೆನೀರು ನಿಲ್ಲುತ್ತೆ, ಮುಚ್ಚಳ ಸಡಿಲ ಇದ್ರೆ ಮೆಲ್ಲಗೆ ಒಳಗಿಳಿಯುತ್ತೆ. ಅರ್ಜೆಂಟಿಗೆ ಅದರಿಂದಲೇ ಬೊಲೆರೊಗೂ ಎರಡು ಕ್ಯಾನ್ ಸುರಿಯೋದು ರೂಢಿ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಡೀಸೆಲ್ ಹೋಗೋದು ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಲ್ಲಿ. ಅಲ್ಲಿಗೆ ನೀರು ಸೇರಿದ್ರೆ ತುಕ್ಕು, ಆಮೇಲೆ ಇಂಜೆಕ್ಟರು, ಪಂಪು. ಆ ಬಿಲ್ ನೋಡಿದವರು ಹೊಸ ಫೋನ್ ಮಾತೆತ್ತಲ್ಲ.

ಈಗ ಡ್ರಮ್ ಅಡ್ಡ ಮಲಗಿದೆ, ಕೊಟ್ಟಿಗೆಯ ನೆರಳಲ್ಲಿ. ಸಂಜೆ ಗಾಡಿ ನಿಲ್ಲಿಸೋ ಮುಂಚೆ ಟ್ಯಾಂಕ್ ಮುಕ್ಕಾಲಾದ್ರೂ ತುಂಬಿರಬೇಕು. ತುಂಬಿದ ಟ್ಯಾಂಕಲ್ಲಿ ಗಾಳಿಗೆ ಜಾಗ ಕಮ್ಮಿ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತಿರುಪು ಬಿಚ್ಚಿ ನೋಡೋದು. ಕೆರೆ ಕೋಡಿ ಬಿದ್ದ ರಸ್ತೆ ದಾಟಿ ಬಂದ್ರೆ ಮಾರನೇ ದಿನವೇ.

ನಿಜವಾದ ಹಿಮದ ಕಷ್ಟ ಬೇರೆ. ಡೀಸೆಲ್ಲಲ್ಲಿ ಮೇಣ ಇರುತ್ತೆ, ಕೊರೆಯೋ ಚಳೀಲಿ ಅದು ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಅದಕ್ಕೇ 2019ರ ನವೆಂಬರಲ್ಲಿ ಇಂಡಿಯನ್ ಆಯಿಲ್ ಲಡಾಖಿಗಾಗಿ ಮೈನಸ್ 33 ಡಿಗ್ರೀಲೂ ಹರಿಯೋ ಡೀಸೆಲ್ ಬಿಟ್ಟಿದ್ದು. ಇದನ್ನ ಹೇಳಿದ್ರೆ ಮಾಮ, ‘ಹಂಗಾದ್ರೆ ಸೀಮೆಎಣ್ಣೆ ಬೆರೆಸ್ಬೋದಾ?’ ಅಂದ್ರು. ಬೇಡವೇ ಬೇಡ ಅಂದೆ. ಸೀಮೆಎಣ್ಣೇಲಿ ಜಿಡ್ಡು ಸಾಲದು, ಪಂಪು ಸವೀತದೆ.

‘ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಐತಲ್ಲ ಮಾಮ, ಕರೆಂಟ್ ಗಾಡಿ ತಗೊಳ್ಳಿ’ ಅಂತ ಹೋದ ವಾರ ಚುಡಾಯಿಸಿದೆ.

‘ತಗೊಳಾಣ ಕಣಪ್ಪ. ರಾತ್ರಿ ಎರಡು ಗಂಟೇಲಿ ಕರೆಂಟ್ ಹೋಗಿದ್ರೆ ಬಾಗಿಲು ತಟ್ಟಿದೋರಿಗೆ ನೀನು ಉತ್ತರ ಹೇಳ್ತೀಯಾ?’

ಬರೋವಾಗ ಒರಿಜಿನಲ್ ಫಿಲ್ಟರ್ ಒಂದು ತರೋಕೆ ಹೇಳಿದ್ದಾರೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಡ್ತಿದ್ದೀನಿ.