ಹೊಸೂರು ದಾರಿಯಲ್ಲಿ ಪೈಪ್ ಆರ್ಗನ್‌ನ ಚಿಂತೆ

ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚ್‌ಗೆ 1881ರಲ್ಲಿ ಪೈಪ್ ಆರ್ಗನ್ ಬಂತು. ಕಟ್ಟಿದವರು ಇಂಗ್ಲೆಂಡಿನ ಹಡ್ಡರ್ಸ್‌ಫೀಲ್ಡ್‌ನ ಪೀಟರ್ ಕೋನಾಕರ್ ಕಂಪನಿಯವರು. ಇಂಥ ವಾದ್ಯ ಕೆಟ್ಟರೆ ಕಡಲಾಚೆಯವರನ್ನೇ ಕಾಯಬೇಕೇ ಎಂಬ ಪ್ರಶ್ನೆ ಹೊತ್ತುಕೊಂಡೇ ನಾನು ಹೊಸೂರಿನತ್ತ ಹೊರಟೆ. ಆರ್ಗನ್‌ನ ಕೀಲಿಮಣೆಯ ಒಂದು ಮನೆ ಒತ್ತಿದಾಗ ಒಳಗೆ ಚರ್ಮ ಹಚ್ಚಿದ ಪುಟ್ಟ ಮರದ ಬಾಗಿಲು ತೆರೆದು, ತಿದಿಯ ಗಾಳಿ ಕೊಳವೆಗೆ ನುಗ್ಗುತ್ತದೆ. ಬೆರಳು ತೆಗೆದೊಡನೆ ಅದು ಬಿಗಿಯಾಗಿ ಮುಚ್ಚಬೇಕು. ಚರ್ಮ ಒಣಗಿ ಬಿರುಸಾದರೆ ಗಾಳಿ ಸೋರಿ, ಯಾರೂ ಒತ್ತದ ಸ್ವರ ಕೂಗುತ್ತಲೇ ಇರುತ್ತದೆ. ಸೀಸ-ತವರದ ಕೊಳವೆಗಳು ಶತಮಾನ ದಾಟಿಯೂ ಬಾಳುತ್ತವೆ. ಮೊದಲು ಸೋಲುವುದು ಚರ್ಮ, ಅಂಟು, ಸಣ್ಣ ಸರಳುಗಳು.

ಅತ್ತಿಬೆಲೆ ದಾಟಿದರೆ ಹೊಸೂರು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಈ ಊರಿನಲ್ಲಿ 1980ರ ದಶಕದಿಂದ ಟೈಟಾನ್ ಕೈಗಡಿಯಾರಗಳು ತಯಾರಾಗುತ್ತಿವೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತ ಲೇತ್ ಯಂತ್ರಗಳ ವರ್ಕ್‌ಶಾಪುಗಳಿವೆ. ಗಡಿಯಾರದ ಬಿಡಿಭಾಗ ಕಡೆಯುವ ಊರಿಗೆ ಆರ್ಗನ್‌ನ ಸರಳು, ತಿರುಪು ಎಷ್ಟರ ಕೆಲಸ? ಮುಂದೆ ಕೃಷ್ಣಗಿರಿಯಲ್ಲಿ ದಾರಿ ಕವಲಾಗುತ್ತದೆ. ಒಂದು ಸೇಲಂ ಕಡೆಗೆ, ಇನ್ನೊಂದು ಬರಗೂರಿನ ಮೇಲೆ ಚರ್ಮ ಹದಮಾಡುವ ವಾಣಿಯಂಬಾಡಿ, ಆಂಬೂರಿಗೆ. ದುರಸ್ತಿಗೆ ಬೇಕಾದ ಕೈಗಾರಿಕೆಯೆಲ್ಲ ಒಂದೇ ಹೆದ್ದಾರಿಯ ಮೇಲಿದೆ. ಇವನ್ನು ಒಂದೆಡೆ ಸೇರಿಸುವವರಿಲ್ಲ, ಅಷ್ಟೇ.

ಚಪ್ಪಲಿಯ ಚರ್ಮ ತಿದಿಗೆ ಆಗದು ಎಂದು ಬಲ್ಲವರು ಹೇಳಬಹುದು. ನಿಜ, ತಿದಿಗೆ ತೆಳುವಾದ, ಮಡಿಸಿದರೆ ಸೀಳದ ಚರ್ಮವೇ ಬೇಕು. ಆದರೆ ಹದಗಾರನಿಗೆ ಮಾದರಿ ಕೊಟ್ಟು ಕೇಳಿದರೆ ಆಗದ ಮಾತೇನಲ್ಲ. ಸ್ವರ ತಿದ್ದುವ ಕೆಲಸ ಮಾತ್ರ ಬೇರೆ: ಕೊಳವೆಯ ತುಟಿ ಕೂದಲೆಳೆಯಷ್ಟು ಬಾಗಿದರೂ ದನಿಯ ಗುಣವೇ ಬದಲಾಗುತ್ತದೆ. ಅದಕ್ಕೆ ಪಳಗಿದ ಕೈ ಹೊರಗಿನಿಂದಲೇ ಬರಲಿ, ಆದರೆ ಪಕ್ಕದಲ್ಲಿ ಇಲ್ಲಿಯ ಇಬ್ಬರು ಹುಡುಗರು ನಿಂತು ಕಲಿಯಲಿ. ಕೀಬೋರ್ಡ್ ಇರುವಾಗ ಈ ಖರ್ಚೇಕೆ ಎಂಬ ಮಾತಿಗೂ ತೂಕವಿದೆ. ಕಥೋಲಿಕ ಸಭೆಯೇ 1963ರ ಉಪಾಸನಾ ವಿಧಿಯ ಶಾಸನದಲ್ಲಿ ಪೈಪ್ ಆರ್ಗನ್ನನ್ನು ಗೌರವಿಸುತ್ತಲೇ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಕೃಷ್ಣಗಿರಿಯಂಥ ಊರಿನ ಚರ್ಚ್‌ಗೆ ಹೊಸ ಆರ್ಗನ್ ತರಿಸಿ ಎಂದು ನಾನೂ ಹೇಳಲಾರೆ. ಇರುವುದನ್ನು ಉಳಿಸುವ ಪ್ರಶ್ನೆ ಬೇರೆ. ಪರದೇಶದ ವಾದ್ಯ ಎಂಬ ಆಕ್ಷೇಪವಂತೂ ನನಗೆ ಒಪ್ಪಿಗೆಯಿಲ್ಲ. ಕರ್ನಾಟಕ ಸಂಗೀತಗಾರ ಬಾಲುಸ್ವಾಮಿ ದೀಕ್ಷಿತರ ಕೈಗೆ ಬಂದ ಪಿಟೀಲು, ಪ್ಯಾರಿಸ್ ಮೂಲದ ಹಾರ್ಮೋನಿಯಂ ಎರಡೂ ನಮ್ಮವೇ ಆಗಿಹೋದವು, ನಮ್ಮವರು ಅವನ್ನು ನುಡಿಸಿದರು, ರಿಪೇರಿಯನ್ನೂ ಕಲಿತರು. ಆರ್ಗನ್‌ಗೆ ನುಡಿಸುವ ಕೈ ಒಂದಿಷ್ಟು ದಕ್ಕಿದೆ. ರಿಪೇರಿಗೆ ಹೊಸೂರಿನ ಒಂದು ಐಟಿಐ, ಆಂಬೂರಿನ ಒಬ್ಬ ಹದಗಾರ, ಬೆಂಗಳೂರಿನ ಒಂದು ಚರ್ಚ್ ಸಮಿತಿ ಕೂತು ಮಾತಾಡಿದರೆ ಕೆಲಸ ಶುರುವಾಗುತ್ತದೆ.