ಹಿಂದಿನ ಕಾರಿಗೂ ಒಂದು ಬ್ರೇಕು

೨೦೨೩ರ ಬೇಸಿಗೆ ರಜೆಯಲ್ಲಿ ನಾನು ಅಮೆರಿಕದ ಡೆನ್ವರಿಗೆ ಹೋದದ್ದು ಅಕ್ಕನನ್ನು ನೋಡುವುದಕ್ಕೆ. ಆದರೆ ಅಲ್ಲಿದ್ದ ದಿನಗಳಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಒಂದು ಕಾರಿನ ಬ್ರೇಕ್ ಪೆಡಲನ್ನು. ಊರಿಗೆ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ “ಏನ್ ಸಾರ್, ನಯಾಗರಾ ನೋಡಿದ್ರಾ?” ಎಂದು ಕೇಳಿದವರಿಗೆ ಈ ವಿಷಯ ಹೇಳಲು ಸಂಕೋಚವಾಗಿ, “ಬೆಟ್ಟಗುಡ್ಡ ನೋಡ್ಕೊಂಡು ಬಂದೆ” ಎಂದು ತೇಲಿಸಿಬಿಟ್ಟೆ.

ಭಾವ ಎಂಜಿನಿಯರು. ನಿವೃತ್ತರಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಲಾರದೆ ಒಂದು ಹಳೆಯ ಮೋಟಾರ್‌ಹೋಮ್ ಕೊಂಡಿದ್ದರು. ಫೋರ್ಡ್ ಇ-೪೫೦ ಎಂಬ ಲಾರಿಯಂಥ ಅಡಿಗಟ್ಟಿನ ಮೇಲೆ ಕಟ್ಟಿದ ಪುಟ್ಟ ಮನೆ ಅದು. ಅಡುಗೆ ಕಟ್ಟೆ, ಮಂಚ, ಬಚ್ಚಲು ಎಲ್ಲ ಉಂಟು. ಇದನ್ನು ಎಲ್ಲಾದರೂ ತಂಗುದಾಣದಲ್ಲಿ ನಿಲ್ಲಿಸಿ, ನೀರು, ಕರೆಂಟು, ಚರಂಡಿ ಕೊಳವೆಗಳನ್ನು ಜೋಡಿಸಿಬಿಟ್ಟರೆ ಮುಗಿಯಿತು, ಹಾಲು ತರಬೇಕೆಂದರೂ ಇಡೀ ಮನೆಯನ್ನೇ ಕಿತ್ತುಕೊಂಡು ಹೋಗಬೇಕು. ಅದಕ್ಕೇ ಆ ಜನ ಹಿಂದೆ ಒಂದು ಕಾರನ್ನು ಕಟ್ಟಿಕೊಂಡು ಹೊರಡುತ್ತಾರೆ. ತ್ರಿಕೋನಾಕಾರದ ಕಬ್ಬಿಣದ ಟೋ ಬಾರ್ ಹಿಡಿದುಕೊಂಡು ಕಾರು ತನ್ನ ನಾಲ್ಕೂ ಚಕ್ರಗಳ ಮೇಲೆ ಉರುಳುತ್ತಾ ಹಿಂಬಾಲಿಸುತ್ತದೆ. ಒಳಗೆ ಯಾರೂ ಇರುವುದಿಲ್ಲ. ಇಂಥ ಕಾರಿಗೆ ಅವರು ಇಟ್ಟಿರುವ ಹೆಸರು ‘ಟೋಡ್’. ಎಳೆಸಿಕೊಂಡದ್ದು ಎಂಬ ಇಂಗ್ಲಿಷ್ ಪದಕ್ಕೂ ನೆಲಗಪ್ಪೆಯ ಹೆಸರಿಗೂ ಉಚ್ಚಾರ ಹೆಚ್ಚುಕಡಿಮೆ ಒಂದೇ. ಭಾವ ತಮ್ಮ ಬೂದು ಬಣ್ಣದ ಹೋಂಡಾ ಸಿ.ಆರ್.ವಿ.ಯನ್ನು “ನಮ್ಮ ಕಪ್ಪೆ” ಎಂದೇ ಕರೆಯುತ್ತಿದ್ದರು.

ಎಲ್ಲ ಕಾರೂ ಕಪ್ಪೆಯಾಗಲಾರದು. ಎಂಜಿನ್ ನಿಂತಿರುವಾಗ ಅನೇಕ ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆಗಳಲ್ಲಿ ಎಣ್ಣೆ ಹರಿಯುವುದಿಲ್ಲ. ಹಾಗೆ ಎಳೆದುಕೊಂಡು ಹೋದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ. ೨೦೧೪ರವರೆಗಿನ ಸಿ.ಆರ್.ವಿ.ಯನ್ನು ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ನ್ಯೂಟ್ರಲ್‌ಗೆ ತಂದು ಹೀಗೆ ಎಳೆಯಬಹುದು. ಭಾವ ಹುಡುಕಿ ಹುಡುಕಿ ೨೦೧೨ರದ್ದೊಂದನ್ನು ತಂದಿದ್ದರು. ಟೋ ಬಾರ್, ಸರಪಳಿ, ಹಿಂದೀಪದ ತಂತಿ ಎಲ್ಲವೂ ಸಿದ್ಧವಾಗಿದ್ದವು. ಇಲ್ಲದಿದ್ದದ್ದು ಒಂದೇ, ಕಪ್ಪೆಗೆ ಬ್ರೇಕು.

“ಬ್ರೇಕು ಮುಂದಿನ ಗಾಡೀಲೇ ಇದೆಯಲ್ಲಯ್ಯ ಮೇಷ್ಟ್ರೇ,” ಎಂದರು ಭಾವ. “ಹಿಂದೆ ಕಾರಿದೆ ಅಂತಲೇ ಗೊತ್ತಾಗಲ್ಲ.”

ನನಗೆ ಭಯವಾದದ್ದು ಆ ಕೊನೆಯ ಮಾತಿಗೆ.

ಕಾನೂನು ಅಲ್ಲಿ ರಾಜ್ಯಕ್ಕೊಂದು ಥರ. ಎಳೆಸಿಕೊಳ್ಳುವ ಗಾಡಿ ೩,೦೦೦ ಪೌಂಡ್ ದಾಟಿದರೆ ಪ್ರತ್ಯೇಕ ಬ್ರೇಕು ಬೇಕೆನ್ನುವ ರಾಜ್ಯಗಳು ಬಹಳ, ಅದಕ್ಕಿಂತ ಕಡಿಮೆಗೇ ಕೇಳುವವೂ ಇವೆ. ಭಾವನ ಗೆಳೆಯರೊಬ್ಬರು ಬ್ರೇಕಿಲ್ಲದೆ ವರ್ಷಗಟ್ಟಲೆ ತಿರುಗಿದ್ದರಂತೆ, ಒಬ್ಬ ಪೊಲೀಸನೂ ಕೇಳಲಿಲ್ಲವಂತೆ. ಇನ್ನು ಭಾವ ನನಗೆ ತೋರಿಸಿದ್ದು ಗಾಡಿಯ ಕಾಗದದಲ್ಲಿದ್ದ ಒಂದು ಅಂಕಿ: ಎಳೆಯುವುದೂ ಎಳೆಸಿಕೊಳ್ಳುವುದೂ ಸೇರಿ ೨೨,೦೦೦ ಪೌಂಡ್ ಇರಬಹುದು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇತ್ತು. ಗಾಡಿಯ ಸ್ವಂತ ತೂಕ, ಸಾಮಾನು ಸಮೇತ, ೧೪,೫೦೦ ಪೌಂಡ್ ಮೀರಬಾರದು. ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಆರೂವರೆ ಸಾವಿರ ಕಿಲೋ. ಬ್ರೇಕುಗಳನ್ನು ಮಾಡಿರುವುದು ಈ ಎರಡನೆಯ ಅಂಕಿಗೆ. ಎಳೆಯುವ ಲೆಕ್ಕ ಬೇರೆ, ನಿಲ್ಲಿಸುವ ಲೆಕ್ಕ ಬೇರೆ.

ಭಾವನಿಗೆ ನಾನು ಪಾಠ ಹೇಳುವುದೆ? ಸುಮ್ಮನಿರಬಹುದಿತ್ತು. ಆದರೆ ನನ್ನ ಕಣ್ಣ ಮುಂದೆ ನಮ್ಮೂರ ಕೆರೆ ಏರಿಯ ಇಳಿಜಾರು ಬಂದಿತ್ತು. ಕಬ್ಬು ಕಡಿಯುವ ಕಾಲದಲ್ಲಿ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಬರುವುದನ್ನು ನಮ್ಮ ಕಡೆಯವರೆಲ್ಲ ಕಂಡಿದ್ದೀರಿ. ಆ ಟ್ರೇಲರುಗಳಿಗೆ ಬ್ರೇಕು ಇರುವುದು ಅಪರೂಪ. ವರ್ಷಗಳ ಹಿಂದೆ ಹಾಗೆ ಬಂದ ಒಂದು ಟ್ರ್ಯಾಕ್ಟರಿನವನು ಏರಿ ಇಳಿಯುವಾಗ ಅಡ್ಡ ಬಂದ ಎಮ್ಮೆಗಾಗಿ ಬ್ರೇಕು ಒತ್ತಿದ. ಟ್ರ್ಯಾಕ್ಟರು ನಿಂತಿತು, ಹಿಂದಿನ ಕಬ್ಬು ನಿಲ್ಲಲಿಲ್ಲ. ಅದು ನೂಕಿದ ರಭಸಕ್ಕೆ ಟ್ರ್ಯಾಕ್ಟರು ಅಡ್ಡ ತಿರುಗಿ ಕಾಲುವೆಗೆ ಬಿತ್ತು. ಅವನ ಮಗ ಆಗ ನನ್ನ ಒಂಬತ್ತನೇ ತರಗತಿಯಲ್ಲಿದ್ದ. ಅಪ್ಪನ ಬಲಗಾಲು ಹೋಯಿತು, ಮಗ ಶಾಲೆ ಬಿಟ್ಟ. ಜಡತ್ವದ ಪಾಠ ಮಾಡಿ ಎರಡು ವಾರವೂ ಆಗಿರಲಿಲ್ಲ.

ಭಾವನಿಗೆ ಈ ಕತೆ ಹೇಳಲಿಲ್ಲ. ಪ್ರಯೋಗ ಮಾಡೋಣ ಎಂದೆ.

ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿದ್ದ ಒಂದು ಅಂಗಡಿ ಸಮುಚ್ಚಯದ ಅಂಗಳಕ್ಕೆ ಹೋದೆವು. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಗಂಟೆಗೆ ೨೫ ಮೈಲಿ, ಅಂದರೆ ೪೦ ಕಿಲೋಮೀಟರ್ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕು ಒತ್ತುವುದು. ಮೊದಲು ಕಪ್ಪೆ ಇಲ್ಲದೆ: ಗಾಡಿ ನಿಂತದ್ದು ನನ್ನ ೧೪ ಹೆಜ್ಜೆಗೆ. ಆಮೇಲೆ ಕಪ್ಪೆ ಕಟ್ಟಿಕೊಂಡು: ೧೭ ಹೆಜ್ಜೆ ದಾಟಿತು. ಎರಡು ಸಲವೂ ಕಾಲು ಒಂದೇ ಸಮ ಒತ್ತಿತೆಂದು ಆಣೆ ಮಾಡಲಾರೆ, ಇದು ಪ್ರಯೋಗಶಾಲೆಯಲ್ಲ. ಆದರೆ ಲೆಕ್ಕವೂ ಅದನ್ನೇ ಹೇಳುತ್ತದೆ. ಗಾಡಿ ೬,೪೦೦ ಕಿಲೋ, ಕಪ್ಪೆ ೧,೫೫೦ ಕಿಲೋ. ನಿಲ್ಲಿಸುವ ಬಲ ಅಷ್ಟೇ ಇದ್ದು ತೂಕ ಕಾಲುಭಾಗದಷ್ಟು ಹೆಚ್ಚಿದರೆ ನಿಲ್ಲುವ ದೂರವೂ ಕಾಲುಭಾಗದಷ್ಟು ಹೆಚ್ಚುತ್ತದೆ. ಅಂಗಳದಲ್ಲಿ ಮೂರು ಹೆಜ್ಜೆ. ಹೆದ್ದಾರಿಯ ವೇಗದಲ್ಲಿ ೬೦ ಮೀಟರಿಗೆ ನಿಲ್ಲಬೇಕಾದದ್ದು ೭೫ ಮೀಟರ್ ಬೇಡುತ್ತದೆ. ಆ ೧೫ ಮೀಟರಿನಲ್ಲಿ ಇನ್ನೊಬ್ಬರ ಸಂಸಾರ ಹಿಡಿಸುತ್ತದೆ.

ಎರಡನೆಯ ಸಲ ನಿಂತಾಗ ಗಾಡಿಯೊಳಗಿನ ಕಪಾಟಿನ ಬಾಗಿಲು ತೆರೆದು ಅಕ್ಕನ ಸಾಸಿವೆ ಡಬ್ಬ ನೆಲಕ್ಕೆ ಬಿತ್ತು. ಅಕ್ಕ ಇಳಿದು ಬಂದಳು. ಪ್ರಯೋಗದ ಬಗ್ಗೆ ಒಂದು ಮಾತೂ ಆಡದೆ, “ಅದೇನು ಬ್ರೇಕೋ ತಂದು ಹಾಕ್ಸಿ. ಆ ಗಾಜಿನ ಮುಂದೆ ದಿನಾ ಕೂರೋಳು ನಾನು,” ಎಂದು ಹೇಳಿ ಸಾಸಿವೆ ಬಳಿಯಲು ಒಳಗೆ ಹೋದಳು. ಅಷ್ಟೇ.

ಅಂಗಡಿಗೆ ಹೋದರೆ ಆಯ್ಕೆಯೇ ತಲೆನೋವು. ದೊಡ್ಡ ಡೀಸೆಲ್ ಮೋಟಾರ್‌ಹೋಮ್‌ಗಳಿಗೆ ನಮ್ಮ ಬಸ್ಸುಗಳಂತೆ ಗಾಳಿಯ ಬ್ರೇಕು. ಆ ಗಾಳಿಯನ್ನೇ ಒಂದು ಕೊಳವೆಯಲ್ಲಿ ಹಿಂದಿನ ಕಾರಿಗೆ ಕೊಡುವ ಏರ್ಪಾಡು ಉಂಟು. ಭಾವನ ಗಾಡಿಯದು ಎಣ್ಣೆಯ ಬ್ರೇಕು, ಅದು ಹೊಂದದು. ಇನ್ನೊಂದು ಬರೀ ಯಾಂತ್ರಿಕ: ಮುಂದಿನ ಗಾಡಿ ನಿಧಾನವಾದಾಗ ಹಿಂದಿನ ಕಾರು ಟೋ ಬಾರನ್ನು ನೂಕುತ್ತದಲ್ಲ, ಆ ನೂಕೇ ಒಂದು ಕೇಬಲ್ ಎಳೆದು ಕಾರಿನ ಪೆಡಲನ್ನು ಒತ್ತುತ್ತದೆ. ಸರಳ, ಅಗ್ಗ, ಕರೆಂಟು ಬೇಡ. ನನಗೆ ಬಹಳ ಇಷ್ಟವಾಯಿತು. ಆದರೆ ಅದಕ್ಕೆ ಟೋ ಬಾರೇ ಬೇರೆ ಬೇಕು, ಭಾವ ಆಗಲೇ ಕೊಂಡಾಗಿತ್ತು. ಮೂರನೆಯದು, ಚಾಲಕನ ಸೀಟಿನ ಮುಂದೆ ನೆಲದ ಮೇಲಿಟ್ಟು ಅದರ ಕೈಯನ್ನು ಪೆಡಲಿಗೆ ಸಿಕ್ಕಿಸುವ ಪೆಟ್ಟಿಗೆ. ಅಂಗಡಿಯಿಂದ ತಂದ ದಿನವೇ ಬಳಸಬಹುದು. ಆದರೆ ಹಾಲಿಗೆ ಹೊರಟಾಗಲೆಲ್ಲ ತೆಗೆಯಬೇಕು, ಬಂದಮೇಲೆ ಇಡಬೇಕು. ಭಾವನಿಗೆ ಬೆನ್ನುನೋವು, ಅಕ್ಕನಿಗೆ ಮಂಡಿನೋವು. ಎಂದೋ ಒಂದು ದಿನ ಇಡಲು ಮರೆಯುತ್ತಾರೆ, ಅದೇ ದಿನ ಬೇಕಾಗುತ್ತದೆ. ನಾಲ್ಕನೆಯದು ಕಾರಿನಲ್ಲೇ ಶಾಶ್ವತವಾಗಿ ಕೂರಿಸುವಂಥದ್ದು. ಬೆಲೆ ಸಾವಿರ ಡಾಲರಿನ ಮೇಲೆ, ಕೂಲಿ ಬೇರೆ.

ಅಂಗಡಿಯವನು ಪ್ರತಿಯೊಂದರ ವಿವರದಲ್ಲೂ ‘ವ್ಯಾಕ್ಯೂಮ್’ ಎನ್ನುತ್ತಿದ್ದ. ಇದನ್ನು ನೀವೂ ಮನೆಯ ಮುಂದೆ ನಿಂತಿರುವ ಕಾರಿನಲ್ಲಿ ನೋಡಬಹುದು. ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಪೆಡಲನ್ನು ನಾಲ್ಕೈದು ಸಲ ಒತ್ತಿ. ಮೊದಲ ಒಂದೆರಡು ಸಲ ಮೆತ್ತಗೆ ಇಳಿಯುತ್ತದೆ, ಆಮೇಲೆ ಕಲ್ಲಿನಂತಾಗುತ್ತದೆ. ಕಾಲನ್ನು ಹಾಗೇ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿದರೆ ಪೆಡಲು ತಾನಾಗಿ ಕೆಳಗಿಳಿಯುತ್ತದೆ. ಇಂಥ ಕಾರುಗಳಲ್ಲಿ ನಮ್ಮ ಕಾಲಿಗೆ ಸಹಾಯ ಮಾಡುವುದು ಎಂಜಿನ್ ಹುಟ್ಟಿಸುವ ನಿರ್ವಾತ. ಎಳೆಸಿಕೊಳ್ಳುವ ಕಾರಿನ ಎಂಜಿನ್ ನಿಂತಿರುತ್ತದೆ. ಹಾಗಾಗಿ ಆ ಯಂತ್ರ ಒಂದೋ ಕಲ್ಲಿನಂಥ ಪೆಡಲನ್ನೇ ಬಲವಾಗಿ ಒತ್ತಬೇಕು, ಇಲ್ಲವೇ ನಿರ್ವಾತವನ್ನು ತಾನೇ ಮಾಡಿಕೊಳ್ಳಬೇಕು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿತ್ತು. ಯಂತ್ರಕ್ಕೆ ಯಾವಾಗ ಒತ್ತಬೇಕೆಂದು ತಿಳಿಯುವುದು ಹೇಗೆ? ಕೆಲವು ಮುಂದಿನ ಗಾಡಿಯ ಬ್ರೇಕ್ ದೀಪ ಹೊತ್ತಿದೊಡನೆ ಒತ್ತುತ್ತವೆ, ನೀವು ಮೆಲ್ಲಗೆ ಮುಟ್ಟಿದರೂ ಒಂದೇ, ಗಟ್ಟಿಯಾಗಿ ತುಳಿದರೂ ಒಂದೇ. ಇನ್ನು ಕೆಲವು ವೇಗ ತಗ್ಗುವುದನ್ನು ಒಳಗಿನ ಲೋಲಕದಂಥ ಒಂದು ಸಾಧನದಿಂದ ಅರಿತು, ತಗ್ಗಿದಷ್ಟಕ್ಕೆ ತಕ್ಕಂತೆ ಒತ್ತುತ್ತವೆ. ಎರಡನೆಯದೇ ಜಾಣ ಎಂದು ಭಾವ ನಿರ್ಧರಿಸಿಬಿಟ್ಟಿದ್ದರು. ನನಗೇಕೋ ಲೋಲಕದ ಮೇಲೆ ಅನುಮಾನ.

ಮಾರನೆಯ ದಿನ ಮೂವರೂ ಕಾರಿನಲ್ಲಿ ಐಸೆನ್‌ಹೋವರ್ ಸುರಂಗದ ಕಡೆ ಹೋದೆವು. ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಐ-೭೦ ಹೆದ್ದಾರಿ ರಾಕಿ ಪರ್ವತದ ಬೆನ್ನನ್ನು ೧೧,೦೦೦ ಅಡಿಗೂ ಎತ್ತರದಲ್ಲಿ ಕೊರೆದು ದಾಟುವುದು ಇಲ್ಲಿ. ೧೯೭೩ರಲ್ಲಿ ತೆರೆದ ಸುರಂಗ. ಪಶ್ಚಿಮದ ಬಾಯಿಂದ ಹೊರಬಿದ್ದರೆ ಸಿಲ್ವರ್‌ಥಾರ್ನ್ ಊರಿನವರೆಗೆ ಒಂದೇ ಇಳಿಜಾರು, ನೂರಕ್ಕೆ ಏಳರಂತೆ. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿಗಳನ್ನು ಮಾಡಿದ್ದಾರೆ. ನಾನು ಹಿಂದಿನ ಸೀಟಿನಲ್ಲಿ ಕೂತು, ಮೇಲಿನ ಹಿಡಿಕೆಗೆ ಅಕ್ಕನ ಹೂ ಕಟ್ಟುವ ದಾರದಲ್ಲಿ ಬೀಗದ ಕೈ ಗೊಂಚಲನ್ನು ತೂಗುಬಿಟ್ಟಿದ್ದೆ. ಭಾವ ವೇಗ ಹೆಚ್ಚಿಸದೆ, ತಗ್ಗಿಸದೆ ಒಂದೇ ಸಮ ಇಳಿಸುತ್ತಿದ್ದರೂ ಗೊಂಚಲು ಮುಂದಕ್ಕೆ ವಾಲಿಕೊಂಡೇ ಇತ್ತು. ಒಂದಡಿ ದಾರಕ್ಕೆ ಎರಡು ಸೆಂಟಿಮೀಟರ್. ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಬ್ರೇಕು ಹಾಕಿದಾಗಲೂ ಅಷ್ಟೇ ವಾಲಿತ್ತು. ಗೊಂಚಲು ನೇರವಾಗಿಯೇ ತೂಗುತ್ತಿತ್ತು ಅನ್ನಿ, ವಾಲಿದ್ದು ಕಾರು. ಆದರೆ ಕಾರಿನೊಳಗಿನ ಲೋಲಕಕ್ಕೆ ಇಳಿಜಾರಿಗೂ ಬ್ರೇಕಿಗೂ ಭೇದ ತಿಳಿಯದು. ಅದನ್ನು ಸ್ವಲ್ಪ ಸೂಕ್ಷ್ಮವಾಗಿ ಹೊಂದಿಸಿಟ್ಟರೆ ಸಾಕು, ಇಂಥ ಇಳುಕಲಿನಲ್ಲಿ ಯಾರೂ ಕೇಳದೆಯೇ ಕಪ್ಪೆಯ ಬ್ರೇಕು ಒತ್ತಿಕೊಂಡೇ ಉಳಿದೀತು.

ಒತ್ತಿಕೊಂಡು ಉಳಿದರೆ ಏನಾಗುತ್ತದೆ? ಸಿಲ್ವರ್‌ಥಾರ್ನಿನ ಹೋಟೆಲಿನಲ್ಲಿ ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಹಾಕಿದೆ. ನಾವು ಇಳಿದದ್ದು ಸುಮಾರು ೬೦೦ ಮೀಟರ್. ಆ ಎತ್ತರದಿಂದ ಇಳಿಯುವಾಗ ಕಪ್ಪೆಯೊಂದೇ ಕಳೆದುಕೊಳ್ಳಬೇಕಾದ ಶಕ್ತಿ ೯೦ ಲಕ್ಷ ಜೂಲ್. ಎಲ್ಲವೂ ಶಾಖವಾದರೆ ೨೭ ಲೀಟರ್ ತಣ್ಣೀರು ಕುದಿಯುತ್ತದೆ. ಒಂದು ಹಂಡೆ ಅನ್ನೋಣ. ದೊಡ್ಡ ಗಾಡಿಯದು ನಾಲ್ಕು ಹಂಡೆ. ಒಂದಿಷ್ಟನ್ನು ಎದುರುಗಾಳಿ ಹೊರುತ್ತದೆ. ಉಳಿದದ್ದನ್ನು ಕೆಳಗಿನ ಗೇರಿನಲ್ಲಿ ಎಂಜಿನ್ ಹೊರಬೇಕು, ಬ್ರೇಕು ಹೊರಬಾರದು. ಮೈಲಿಗಟ್ಟಲೆ ಸವರಿಕೊಂಡು ಬಂದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಬೆಂಕಿಯೂ ಹತ್ತಬಹುದು. ಮುಂದೆ ಕೂತವರಿಗೆ ಹಿಂದಿನ ಹೊಗೆ ಬೇಗ ಕಾಣುವುದೂ ಇಲ್ಲ. ಹಿಂದಿನ ಕಾರಿನ ಬ್ರೇಕು ಬೇಕಾದಾಗ ಹಿಡಿಯಬೇಕು, ನಿಜ. ಬೇಡವಾದಾಗ ಬಿಟ್ಟುಕೊಂಡಿರುವುದೂ ಅಷ್ಟೇ ಮುಖ್ಯ ಎಂಬುದು ಅಂಗಳದ ಪ್ರಯೋಗ ಮಾಡಿದಾಗ ನನಗೂ ಹೊಳೆದಿರಲಿಲ್ಲ.

ಭಾವ ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಕೊನೆಗೆ ಆರಿಸಿದ್ದು ಎರಡನ್ನೂ ಕೇಳುವಂಥದ್ದನ್ನು: ಮುಂದಿನ ಗಾಡಿಯ ಬ್ರೇಕ್ ದೀಪವೂ ಹೊತ್ತಬೇಕು, ವೇಗವೂ ತಗ್ಗುತ್ತಿರಬೇಕು, ಆಗ ಮಾತ್ರ ತಗ್ಗಿದಷ್ಟಕ್ಕೆ ತಕ್ಕಂತೆ ಒತ್ತುತ್ತದೆ. ಯಂತ್ರ ಸೀಟಿನ ಕೆಳಗೆ ಅಡಗಿ ಕೂತು, ಒಂದು ಕೇಬಲ್ ಮಾತ್ರ ಪೆಡಲಿಗೆ ಹೋಗುತ್ತದೆ. ಕಪ್ಪೆ ಬ್ರೇಕು ಒತ್ತಿದಾಗಲೆಲ್ಲ ಭಾವನ ಮುಂದೆ ಒಂದು ಕೆಂಪು ದೀಪ. ಜೊತೆಗೆ ಒಂದು ಪಿನ್ನು. ಅದರ ತಂತಿ ಮುಂದಿನ ಗಾಡಿಗೆ. ಕೊಂಡಿಯೇ ಕಳಚಿ ಕಾರು ಬೇರೆಯಾದರೆ ಪಿನ್ನು ಕಿತ್ತು ಬಂದು ಕಾರಿನ ಬ್ರೇಕು ತಾನೇ ಬಿಗಿಯುತ್ತದೆ. ಜೋಡಿಸಿದ ಹುಡುಗ ಆ ತಂತಿಯನ್ನು ಟೋ ಬಾರಿಗೇ ಸಿಕ್ಕಿಸಿದ್ದ. ಬಾರೇ ಗಾಡಿಯಿಂದ ಕಳಚಿಕೊಂಡರೆ ತಂತಿಯೂ ಅದರ ಜೊತೆಗೇ ಹೋಗುತ್ತದಲ್ಲ, ಪಿನ್ನು ಕೀಳುವುದು ಯಾರು? ಅದನ್ನು ಕಂಡುಹಿಡಿದದ್ದು ಮೇಷ್ಟ್ರೂ ಅಲ್ಲ, ಎಂಜಿನಿಯರೂ ಅಲ್ಲ, ಅಕ್ಕ. “ಹಸುವಿನ ಹಗ್ಗಾನ ಹಸುವಿನ ಕೊಂಬಿಗೇ ಕಟ್ಟಿದ ಹಾಗಾಯ್ತಲ್ಲ?” ಎಂದಳು. ತಂತಿಯನ್ನು ಗಾಡಿಯ ಅಡಿಗಟ್ಟಿಗೆ ಬದಲಾಯಿಸಿದೆವು.

ನಾನು ಹೊರಡುವ ವಾರ ಯೂಟಾ ಕಡೆ ಹೊರಟೆವು. ಸುರಂಗ ದಾಟಿ ಭಾವ ಗೇರು ಇಳಿಸಿದರು. ಎಂಜಿನ್ ಬೊಬ್ಬೆ ಹೊಡೆಯುತ್ತಾ ಇಡೀ ಇಳುಕಲನ್ನು ಹೊತ್ತುಕೊಂಡಿತು. ಭಾವ ಆಗೊಮ್ಮೆ ಈಗೊಮ್ಮೆ ಪೆಡಲು ತುಳಿದು ಬಿಟ್ಟಾಗ ಮಾತ್ರ ಕೆಂಪು ದೀಪ ಹೊತ್ತಿ ಆರುತ್ತಿತ್ತು. ಕೆಳಗೆ ಊರು ಹತ್ತಿರ ಬಂದಾಗ ಮುಂದಿನ ಪಿಕಪ್ ಏಕಾಏಕಿ ನಿಂತಿತು. ಭಾವ ಗಟ್ಟಿಯಾಗಿ ತುಳಿದರು. ದೀಪ ಹೊತ್ತಿತು, ಹಿಂದಿನಿಂದ ಯಾರೋ ಹಿಡಿದೆಳೆದಂತೆ ಗಾಡಿ ತಗ್ಗಿ ನಿಂತಿತು. ಪಿಕಪ್ಪಿನ ನಂಬರು ಓದುವಷ್ಟು ಹತ್ತಿರ, ಆದರೆ ತಗುಲಲಿಲ್ಲ. ಭಾವ ಏನೂ ಹೇಳಲಿಲ್ಲ, ಜೇಬು ಮುಟ್ಟಿಕೊಂಡರು. ಕಪಾಟಿನ ಬಾಗಿಲು ಈ ಸಲ ತೆರೆಯಲಿಲ್ಲ. ಅಕ್ಕ ಅದಕ್ಕೆ ರಬ್ಬರ್ ಪಟ್ಟಿ ಹಾಕಿದ್ದಳು.

ಆಮೇಲೆ ದಿನಾ ಬೆಳಿಗ್ಗೆ ಇದೇ ಕ್ರಮ. ಭಾವ ಸ್ಟಿಯರಿಂಗ್ ಹಿಡಿದು ಕೂತಿರುತ್ತಾರೆ. ಅಕ್ಕ ಕೈಯಲ್ಲಿ ಕಾಫಿ ಲೋಟ ಹಿಡಿದು ಹಿಂದಕ್ಕೆ ಹೋಗುತ್ತಾಳೆ. ಎರಡು ಸರಪಳಿಯನ್ನೂ ನೋಡಿ, ಪಿನ್ನಿನ ತಂತಿಯನ್ನು ಎರಡು ಬೆರಳಲ್ಲಿ ಮುಟ್ಟಿ, ಬಂದು ಕೂತು, “ಹ್ಞೂ, ಹೊರಡಿ” ಎನ್ನುವವರೆಗೆ ಭಾವ ಕೀಲಿ ತಿರುಗಿಸುವುದಿಲ್ಲ.